ಮೀರ್ ಜುಮ್ಲಾ

ಹದಿನೇಳನೆಯ ಶತಮಾನದಲ್ಲಿ ಭಾಗ್ಯವನ್ನರಸಿ ಪರ್ಷಿಯಾದಿಂದ ದಖ್ಖಣಕ್ಕೆ ಬಂದವರು ಅನೇಕರು. ಎಣ್ಣೆ ವ್ಯಾಪಾರಿಯೊಬ್ಬನ ಮಗನಾದ ಮೀರ್ ಮಹಮ್ಮದ್ ಸಯೀದನೂ ಅವರಲ್ಲೊಬ್ಬ. ಗೋಲ್ಕೊಂಡದಲ್ಲಿ ವಜ್ರದ ವ್ಯಾಪಾರದಿಂದ ಅಪಾರ ಐಶ್ವರ್ಯವನ್ನು ಗಳಿಸಿ, ಸುಲ್ತಾನನ ವಜೀರನಾಗಿ, ಆತನು ಮೀರ್ ಜುಮ್ಲಾ ಎಂಬ ಪದವಿಯ ಹೆಸರಿನಿಂದಲೇ ಪ್ರಖ್ಯಾತನಾದನು.

ವಿಜಯನಗರದ ಕೊನೆಯ ಅರಸರಿಗೆ ಉಳಿದಿದ್ದ ಪೂರ್ವದ ಸೀಮೆಗಳಿಗೆ ದಂಡೆತ್ತಿ ಹೋಗಿ, 1650ರ ಸುಮಾರಿಗೆ ಪೆನ್ನಾ ನದಿಯ ಕಮರಿಯ ಮೇಲಿರುವ ಗಂಡಿಕೋಟೆಯನ್ನು ವಶಪಡಿಸಿಕೊಂಡನು. 1652ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಆತನು ರಾಜಕಾರ್ಯವನ್ನು ನಡೆಸುವ ಬಗೆಯನ್ನು ವರ್ಣಿಸಿದ್ದಾನೆ. ಡೇರೆಯಲ್ಲಿ ಕುಳಿತ ಮೀರ್ ಜುಮ್ಲಾನ ಕೈಬೆರಳುಗಳ ಸಂದಿನಲ್ಲಿ ಮಾತ್ರವಲ್ಲ, ಕಾಲ್ಬೆರಳುಗಳ ಸಂದಿನಲ್ಲಿಯೂ ಪತ್ರಗಳು! ಒಂದೊಂದನ್ನೇ ತೆಗೆದು ಉತ್ತರ ಬರೆಯಿಸುತ್ತಿದ್ದನಂತೆ.

ಸೇವಕನು ಇಷ್ಟು ಬೆಳೆದರೆ ಒಡೆಯನಿಗೆ ಶಂಕೆ ಹುಟ್ಟುವುದು ಸಹಜ. 1655ರಲ್ಲಿ ಸುಲ್ತಾನನು ಆತನ ಮಗನನ್ನು ಸೆರೆಯಲ್ಲಿಟ್ಟನು. ಮೀರ್ ಜುಮ್ಲಾ ಮೊಗಲರನ್ನು ಸೇರಿದನು. ಇದು ಸ್ವಾಮಿದ್ರೋಹವೋ ಆತ್ಮರಕ್ಷಣೆಯೋ? ಎರಡೂ ಇದ್ದುವೆಂದೇ ನನಗೆ ತೋರುತ್ತದೆ. 1657ರಲ್ಲಿ ಔರಂಗಜೇಬನೊಡನೆ ನಮ್ಮ ಬೀದರ್ ಮತ್ತು ಕಲ್ಯಾಣದ ಕೋಟೆಗಳನ್ನು ಮುತ್ತಿ ಗೆದ್ದವರಲ್ಲಿ ಈತನೂ ಇದ್ದನು. ಮುಂದೆ ಸಿಂಹಾಸನಕ್ಕಾಗಿ ಸೋದರರು ಕಾದಾಡಿದಾಗ ಔರಂಗಜೇಬನ ಪರವಾಗಿ ಷಾ ಷುಜಾನನ್ನು ಬಂಗಾಳದಿಂದಲೇ ಹೊರಗಟ್ಟಿದನು. 1660ರಲ್ಲಿ ಬಂಗಾಳದ ಸುಬೇದಾರಿಕೆ ಆತನ ಕೈಸೇರಿತು. ರಾಜಧಾನಿಯನ್ನು ರಾಜಮಹಲಿನಿಂದ ಢಾಕಾಕ್ಕೆ ತಂದು, ರಸ್ತೆ, ಸೇತುವೆ, ಕೋಟೆಗಳನ್ನು ಕಟ್ಟಿಸಿದನು.

ಅಷ್ಟಕ್ಕೇ ತೃಪ್ತಿಯಾಗಲಿಲ್ಲ. 1661ರ ಕೊನೆಯಲ್ಲಿ ಕೂಚ್ ಬಿಹಾರವನ್ನು ಗೆದ್ದು, ಬ್ರಹ್ಮಪುತ್ರೆಯ ಗುಂಟ ಅಸ್ಸಾಮಿಗೆ ನುಗ್ಗಿದನು. 1662ರ ಮಾರ್ಚಿನಲ್ಲಿ ಅಹೋಮರ ರಾಜಧಾನಿ ಗಢಗಾಂವ್ ವಶವಾಯಿತು. ಆದರೆ ದೊರೆ ಜಯಧ್ವಜಸಿಂಹ ಸಿಕ್ಕಲಿಲ್ಲ. ಬೆಟ್ಟಗಳತ್ತ ಸರಿದು ಕಾದನು. ಮಳೆ ಹಿಡಿಯಿತು. ಹೊಳೆಗಳು ಉಕ್ಕಿದುವು, ದಾರಿಗಳು ಮುಳುಗಿದುವು, ನೌಕಾಬಲದ ಸಂಪರ್ಕ ಕಡಿದುಹೋಯಿತು. ಅಹೋಮರು ರಾತ್ರಿಯ ವೇಳೆ ಠಾಣ್ಯಗಳ ಮೇಲೆ ಎರಗತೊಡಗಿದರು. ಪಾಳೆಯದಲ್ಲಿ ಧಾನ್ಯ ಮುಗಿಯಿತು. ಜ್ವರವೂ ಅತಿಸಾರವೂ ಹಬ್ಬಿ, ಸೈನಿಕರು ಗುಂಪುಗುಂಪಾಗಿ ಸತ್ತರು. ಮುದಿ ಸೇನಾನಿಯು ಎದೆಗುಂದಲಿಲ್ಲ. ಮಳೆ ನಿಂತೊಡನೆ ಮತ್ತೆ ಮುಂದುವರಿದನು. ಆದರೆ ಅಷ್ಟರಲ್ಲಿ ರೋಗವು ಆತನನ್ನೂ ಹಿಡಿದಿತ್ತು. ದಣಿದ ಸೈನ್ಯಕ್ಕೆ ಹಿಂದಿರುಗಿದರೆ ಸಾಕಾಗಿತ್ತು.

1663ರ ಜನವರಿಯಲ್ಲಿ ಒಪ್ಪಂದವಾಯಿತು. ಅಹೋಮ ದೊರೆ ಚಿನ್ನ, ಬೆಳ್ಳಿ, ಆನೆಗಳನ್ನೂ ತನ್ನ ಮಗಳನ್ನೂ ಒಪ್ಪಿಸಬೇಕಾಯಿತು. ಆ ಬಾಲೆಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ಗೆದ್ದವನು ಪಲ್ಲಕ್ಕಿಯಲ್ಲಿ ಮಲಗಿ ಹಿಂದಿರುಗಿದನು. ಢಾಕಾ ತಲುಪುವ ಮುನ್ನವೇ, ಮಾರ್ಚ್ ತಿಂಗಳ ಕೊನೆಯಲ್ಲಿ, ದೋಣಿಯಲ್ಲಿ ಪ್ರಾಣಬಿಟ್ಟನು. 1667ರಲ್ಲಿ ಅಹೋಮರು ಗುವಾಹಟಿಯನ್ನು ಮರಳಿ ಪಡೆದರು.