ದುಡಿಮೆ ಇಲ್ಲದ ಗಂಡ ಹೆಂಡತಿಯನ್ನು ಕರೆಸಿಕೊಳ್ಳಬಹುದೇ?

ಸ್ವಸಹಾಯ ಸಂಘಗಳ ಸಭೆಗೆ ಒಂದು ಪಾಠ



ಹಲಕುಂದಿಯಾಗಲಿ, ಕುರುಗೋಡಾಗಲಿ, ಸಿರುಗುಪ್ಪವಾಗಲಿ, "ಫಾರಿನ್ ಹುಡುಗ" ಎಂಬ ಮಾತು ಈಗ ನಮಗೆ ಹೊಸದಲ್ಲ. ಸಂಬಂಧ ಕೂಡಿಬಂದಾಗ ಬಂಗಾರದ ಮಾತಾಗುತ್ತದೆ, ಕಲ್ಯಾಣ ಮಂಟಪದ ಮಾತಾಗುತ್ತದೆ, ಊಟದ ಲೆಕ್ಕವೂ ಆಗುತ್ತದೆ. ಮದುವೆಯಾದ ಮೇಲೆ ಹುಡುಗಿ ಯಾವ ಕಾಗದದ ಮೇಲೆ ಆ ದೇಶಕ್ಕೆ ಹೋಗುತ್ತಾಳೆ ಎಂದು ಕೇಳುವವರು ಕಡಿಮೆ. ಕೆಲವು ತಿಂಗಳ ನಂತರ ಸುದ್ದಿ ಬರುತ್ತದೆ: "ಅವನ ಕೆಲಸ ಹೋಯ್ತಂತೆ, ಈಗ ಕರೆಸ್ಕೊಳ್ಳೋಕೆ ಆಗಲ್ಲಂತೆ." ಆಗ ಹುಡುಗಿ ತವರಿನಲ್ಲೂ ಇಲ್ಲ, ಗಂಡನ ಜೊತೆಯಲ್ಲೂ ಇಲ್ಲ ಎನ್ನುವಂತಾಗುತ್ತದೆ.

ಗಂಡನಿಗೆ ಆದಾಯ ಇಲ್ಲದಿದ್ದರೆ ಬಾಗಿಲು ಮುಚ್ಚಿಯೇ ಹೋಯಿತೇ? ಎಲ್ಲಾ ಕಡೆ ಹಾಗಿಲ್ಲ. ಒಂದೊಂದು ದೇಶದ ನಿಯಮ ಒಂದೊಂದು ತರಹ. ಅದನ್ನು ತಿಳಿದುಕೊಂಡರೆ ಸುಳ್ಳು ನೆಪ ಯಾವುದು, ನಿಜವಾದ ತೊಂದರೆ ಯಾವುದು ಎಂದು ನಾವೇ ಗುರುತಿಸಬಹುದು.

1. ಸ್ಪಾನ್ಸರ್ ಎಂದರೆ ಜಾಮೀನುದಾರ

ಸೊಸೈಟಿಯಲ್ಲಿ ಸಾಲ ತೆಗೆಯುವಾಗ ಜಾಮೀನು ಕೇಳುತ್ತಾರಲ್ಲವೇ? "ಇವರು ಕಟ್ಟದಿದ್ದರೆ ನಾನು ಕಟ್ಟುತ್ತೇನೆ" ಎಂದು ಇನ್ನೊಬ್ಬರು ಸಹಿ ಹಾಕುತ್ತಾರೆ. ಹೆಂಡತಿಯನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳುವುದೂ ಹೆಚ್ಚುಕಡಿಮೆ ಹೀಗೇ. ಆ ದೇಶದ ಸರ್ಕಾರ ಕೇಳುವುದು ಇಷ್ಟೇ: "ಇವಳ ಊಟ, ಬಟ್ಟೆ, ವಸತಿಗೆ ಯಾರು ಹೊಣೆ?" ಗಂಡ ಮುಚ್ಚಳಿಕೆ ಬರೆದುಕೊಟ್ಟು ಸಹಿ ಹಾಕಬೇಕು.

ಆದರೆ ಒಂದು ವಿಷಯ ಮೊದಲು ತಿಳಿದಿರಬೇಕು. ಈ ಜಾಮೀನು ಆ ದೇಶದ ಪೌರನಿಗೆ ಅಥವಾ ಅಲ್ಲಿ ಕಾಯಂ ವಾಸದ ಹಕ್ಕು ಇರುವವನಿಗೆ ಸಂಬಂಧಿಸಿದ್ದು. ಓದಲು ಅಥವಾ ತಾತ್ಕಾಲಿಕ ಕೆಲಸಕ್ಕೆ ಹೋದ ಹುಡುಗನದ್ದು ಬೇರೆ ಲೆಕ್ಕ. ಅವನ ಹೆಂಡತಿಯ ವೀಸಾ ಅವನ ವೀಸಾಕ್ಕೇ ಅಂಟಿಕೊಂಡಿರುತ್ತದೆ. ಅಮೆರಿಕದಲ್ಲಿ ಎಚ್-1ಬಿ ಕೆಲಸ ಹೋದರೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನದ ಗಡುವು; ಅಷ್ಟರಲ್ಲಿ ಬೇರೆ ದಾರಿ ಆಗದಿದ್ದರೆ ಇಬ್ಬರೂ ಹೊರಡಬೇಕಾಗುತ್ತದೆ. ಬ್ರಿಟನ್‌ನಲ್ಲಿ ಕೇರ್ ವರ್ಕರ್ ಆಗಿ 2024ರ ಮಾರ್ಚ್ 11ರ ನಂತರ ಹೊಸದಾಗಿ ವೀಸಾ ಪಡೆದವರು ಗಂಡ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಆದ್ದರಿಂದ "ಹುಡುಗ ಫಾರಿನ್‌ನಲ್ಲಿದ್ದಾನೆ" ಎಂದರೆ ಸಾಲದು. "ಯಾವ ವೀಸಾದಲ್ಲಿದ್ದಾನೆ?" ಎಂದು ಕೇಳಬೇಕು.

2. ಯಾವ ದೇಶ ಏನು ಕೇಳುತ್ತದೆ?

ಅಮೆರಿಕ: 1997ರ ಡಿಸೆಂಬರ್‌ನಿಂದ ಐ-864 ಎಂಬ ಮುಚ್ಚಳಿಕೆ ಕಡ್ಡಾಯ. ಅಲ್ಲಿನ ಸರ್ಕಾರ ಪ್ರತಿ ವರ್ಷ ಬಡತನದ ಮಿತಿ ಪ್ರಕಟಿಸುತ್ತದೆ. ಗಂಡನ ಆದಾಯ ಅದರ ಶೇಕಡಾ 125ರಷ್ಟಾದರೂ ಇರಬೇಕು. 2025ರ ಮಿತಿಯಂತೆ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇದು ವರ್ಷಕ್ಕೆ 26,437 ಡಾಲರ್. ಅಷ್ಟು ದುಡಿಮೆ ಇಲ್ಲದಿದ್ದರೆ ಎರಡು ದಾರಿ ಇವೆ.

ಒಂದು, ಜೊತೆ ಜಾಮೀನುದಾರ. ಅಮೆರಿಕದಲ್ಲಿ ವಾಸವಿರುವ, 18 ವರ್ಷ ತುಂಬಿದ ಪೌರ ಅಥವಾ ಗ್ರೀನ್ ಕಾರ್ಡ್ ಇರುವವರು ಯಾರಾದರೂ ಆಗಬಹುದು. ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಆದರೆ ಅವರ ಆದಾಯ ಅವರ ಮನೆಯವರ ಜೊತೆಗೆ ಬರುವ ಹುಡುಗಿಯನ್ನೂ ಸೇರಿಸಿ ಲೆಕ್ಕಕ್ಕೆ ಸಾಕಾಗಬೇಕು. ಇನ್ನೊಂದು ಮಾತು: ಜೊತೆ ಜಾಮೀನು ಸಿಕ್ಕರೂ ಗಂಡ ತಾನೂ ಸಹಿ ಹಾಕಲೇಬೇಕು. "ಮಾವ ಸಹಿ ಹಾಕಿದ್ದಾರೆ, ನನ್ನದು ಬೇಕಾಗಿಲ್ಲ" ಎಂದರೆ ನಡೆಯುವುದಿಲ್ಲ.

ಎರಡು, ಆಸ್ತಿ. ಒಂದು ವರ್ಷದೊಳಗೆ ನಗದು ಮಾಡಬಹುದಾದ ಉಳಿತಾಯ, ಆಸ್ತಿ ತೋರಿಸಬಹುದು. ಗಂಡ ಅಮೆರಿಕದ ಪೌರನಾಗಿದ್ದರೆ ಕೊರತೆಯ ಮೂರು ಪಟ್ಟು ಬೇಕು. ಆದಾಯ ಸೊನ್ನೆಯಾದರೆ ಮೇಲಿನ ಲೆಕ್ಕದಲ್ಲಿ 79,311 ಡಾಲರ್ ಆಗುತ್ತದೆ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಐದು ಪಟ್ಟು, ಜೊತೆಗೆ ವೀಸಾದ ಸರದಿಯನ್ನೂ ಕಾಯಬೇಕು.

ಕೆನಡಾ: ಇಲ್ಲಿ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿಯೇ ಇಲ್ಲ. ಆದರೆ ಕರೆಸಿಕೊಳ್ಳುವವನು ಸರ್ಕಾರದ ಸಹಾಯಧನದ ಮೇಲೆ ಬದುಕುತ್ತಿರಬಾರದು. ಅಂಗವೈಕಲ್ಯದ ಕಾರಣಕ್ಕೆ ಸಿಗುವ ಸಹಾಯಕ್ಕೆ ವಿನಾಯಿತಿ ಇದೆ. ಕೆಲಸ ಹೋದಾಗ ಸಿಗುವ ಉದ್ಯೋಗ ವಿಮೆಯ ಹಣವನ್ನು ಇಂಥ ಸಹಾಯಧನ ಎಂದು ಲೆಕ್ಕ ಹಾಕುವುದಿಲ್ಲ. ದಿವಾಳಿಯಾಗಿ ಇನ್ನೂ ಬಿಡುಗಡೆ ಆಗದವನಿಗೆ ಅವಕಾಶವಿಲ್ಲ. ಕ್ವಿಬೆಕ್ ಪ್ರಾಂತ್ಯಕ್ಕೆ ಅದರದೇ ಬೇರೆ ಮುಚ್ಚಳಿಕೆ ಉಂಟು. ಹಾಗಾಗಿ ಕೆನಡಾದಲ್ಲಿ ಕಾಯಂ ವಾಸದ ಹಕ್ಕು ಪಡೆದು ಅಲ್ಲೇ ಇರುವ ಹುಡುಗ "ಸಂಬಳ ಕಡಿಮೆ, ಅದಕ್ಕೇ ನಿನ್ನ ಅರ್ಜಿ ಹಾಕಿಲ್ಲ" ಎಂದರೆ ಆ ಮಾತನ್ನು ಹಾಗೇ ನಂಬಬೇಡಿ. ಬೇರೆ ಕಾರಣ ಇರಬಹುದು, ವಿಚಾರಿಸಿ.

ಬ್ರಿಟನ್: ಇಲ್ಲಿ ನಿಯಮ ಬಿಗಿ. 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಇದ್ದ ಮಿತಿಯನ್ನು 2024ರ ಏಪ್ರಿಲ್ 11ರಿಂದ 29,000 ಪೌಂಡ್‌ಗೆ ಏರಿಸಿದರು. ಆದಾಯ ಏನೂ ಇಲ್ಲದೆ ಬರೀ ಉಳಿತಾಯ ತೋರಿಸುವುದಾದರೆ 88,500 ಪೌಂಡ್ ಬೇಕು, ಅದೂ ಆರು ತಿಂಗಳು ಖಾತೆಯಲ್ಲಿರಬೇಕು. ರೋಗಿಯನ್ನು ನೋಡಿಕೊಳ್ಳುವವರಿಗೆ ಕೊಡುವ ಭತ್ಯೆ, ಅಂಗವೈಕಲ್ಯದ ಕೆಲವು ಭತ್ಯೆ ಪಡೆಯುವವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಸಂಸಾರ ನಡೆಸಲು ಸಾಕಾಗುತ್ತದೆ ಎಂದು ತೋರಿಸಿದರೆ ಆಯಿತು. 2017ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆದಾಯ ಮಿತಿ ಇಡುವುದು ತಪ್ಪಲ್ಲ ಎಂದಿತು. ಆದರೆ ಮಕ್ಕಳ ಹಿತವನ್ನು ಮರೆಯುವಂತಿಲ್ಲ ಎಂದೂ ಹೇಳಿತು.

ದುಬೈ ಇರುವ ಯುಎಇ: ಇಲ್ಲಿ ಕುಟುಂಬದ ವೀಸಾಕ್ಕೆ ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. 2019ರಿಂದ ಹುದ್ದೆಯ ಹೆಸರಿಗಿಂತ ಆದಾಯವನ್ನೇ ನೋಡುತ್ತಾರೆ. ಗಂಡನ ವೀಸಾ ರದ್ದಾದರೆ ಹೆಂಡತಿಯದೂ ನಿಲ್ಲುವುದಿಲ್ಲ.

3. ಸಹಿ ಹಾಕಿದ ಮೇಲೆ ಹೊಣೆ ಎಷ್ಟು ಕಾಲ?

ಇದನ್ನು ಹುಡುಗಿಯರು ಚೆನ್ನಾಗಿ ನೆನಪಿಡಬೇಕು. ಜಾಮೀನು ಸರ್ಕಾರಕ್ಕೆ ಬರೆದುಕೊಟ್ಟದ್ದಾದರೂ ಅದರಿಂದ ಹೆಂಡತಿಗೂ ರಕ್ಷಣೆ ಸಿಗುತ್ತದೆ.

ಅಮೆರಿಕದ ಐ-864 ಹೊಣೆ ವಿಚ್ಛೇದನದಿಂದ ಮುಗಿಯುವುದಿಲ್ಲ. ಹೆಂಡತಿ ಅಲ್ಲಿನ ಪೌರತ್ವ ಪಡೆಯುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಸೇರುವವರೆಗೆ ಅದು ಇರುತ್ತದೆ. ಅವಳು ಕಾಯಂ ವಾಸ ಬಿಟ್ಟು ಆ ದೇಶದಿಂದ ಹೊರಟರೆ, ಅಥವಾ ಸಾವು ಸಂಭವಿಸಿದರೆ ಮುಗಿಯುತ್ತದೆ. 2012ರಲ್ಲಿ ಅಲ್ಲಿನ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಮುಂದೆ ವಿಚ್ಛೇದನವಾದ ಒಬ್ಬ ವಲಸಿಗ ಹೆಣ್ಣುಮಗಳ ಪ್ರಕರಣ ಬಂತು. "ಅವಳು ಕೆಲಸ ಹುಡುಕಲಿಲ್ಲ" ಎಂಬ ನೆಪದಿಂದ ಮಾಜಿ ಗಂಡ ಈ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಆದ್ದರಿಂದ ಆ ಮುಚ್ಚಳಿಕೆಯ ಒಂದು ಪ್ರತಿ ಹುಡುಗಿಯ ಕೈಯಲ್ಲೂ, ಒಂದು ತವರಿನಲ್ಲೂ ಇರಲಿ.

ಕೆನಡಾದಲ್ಲಿ ಹೆಂಡತಿಯ ಹೊಣೆ ಮೂರು ವರ್ಷ. ಬೇರೆಯಾದರೂ, ಗಂಡನ ಕೆಲಸ ಹೋದರೂ ಅದು ತಪ್ಪುವುದಿಲ್ಲ. ಎರಡು ವರ್ಷ ಗಂಡನ ಜೊತೆ ಇರಲೇಬೇಕೆಂಬ ಷರತ್ತು 2012ರಿಂದ ಇತ್ತು, 2017ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದರು. "ಜಗಳ ಮಾಡಿದರೆ ವಾಪಸ್ ಕಳಿಸಿಬಿಡ್ತೀನಿ" ಎಂಬ ಬೆದರಿಕೆಗೆ ಹೆದರಬೇಕಾಗಿಲ್ಲ.

4. ಏಜೆಂಟರ ಮಾತಿಗೆ ಮರುಳಾಗಬೇಡಿ

"ಸಂಬಳದ ಪತ್ರ ನಾವು ಮಾಡಿಸಿಕೊಡ್ತೀವಿ, ಬ್ಯಾಂಕಿನಲ್ಲಿ ದುಡ್ಡು ತೋರಿಸ್ತೀವಿ" ಎನ್ನುವವರು ಇದ್ದಾರೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ. ಅಮೆರಿಕದಲ್ಲಿ ವಿಶೇಷ ವಿನಾಯಿತಿ ಸಿಗದಿದ್ದರೆ ಜೀವನಪೂರ್ತಿ ನಿಷೇಧ. ಏಜೆಂಟ ದುಡ್ಡು ತಗೊಂಡು ಹೋಗುತ್ತಾನೆ, ಕಪ್ಪು ಚುಕ್ಕೆ ಉಳಿಯುವುದು ಹುಡುಗಿಯ ಪಾಸ್‌ಪೋರ್ಟಿಗೆ.

ಇನ್ನೂ ಒಂದು. "ವೀಸಾಕ್ಕೆ ಆಸ್ತಿ ತೋರಿಸಬೇಕು, ನಿಮ್ಮ ಹೊಲ ಮಾರಿ ದುಡ್ಡು ನನ್ನ ಖಾತೆಗೆ ಹಾಕಿ" ಎಂದು ಅಳಿಯ ಕೇಳಿದರೆ ಅಲ್ಲೇ ನಿಲ್ಲಿ. ಜೊತೆ ಜಾಮೀನಿನ ದಾರಿ ಇರುವಾಗ ಹೊಲ ಮಾರುವ ಮಾತು ಯಾಕೆ ಬಂತು? ಮದುವೆಯ ಸಂಬಂಧದಲ್ಲಿ ಹೀಗೆ ಹಣಕ್ಕೆ ಒತ್ತಾಯ ಮಾಡುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿ ಅಪರಾಧವಾಗಬಹುದು.

5. ಮದುವೆಗೆ ಮೊದಲು ನೋಡಬೇಕಾದವು

• ಹುಡುಗನ ಪಾಸ್‌ಪೋರ್ಟ್ ಮತ್ತು ವೀಸಾ ಅಥವಾ ಕಾಯಂ ವಾಸದ ಕಾರ್ಡಿನ ಪ್ರತಿ.
• ಕಳೆದ ವರ್ಷದ ತೆರಿಗೆ ಕಾಗದ ಮತ್ತು ಈಗಿನ ಕೆಲಸದ ಪತ್ರ.
• ಆದಾಯ ಸಾಲದಿದ್ದರೆ ಜಾಮೀನು ಹಾಕುವವರು ಯಾರು? ಅವರ ಜೊತೆ ನೇರವಾಗಿ ಮಾತಾಡಿ.
• ಹಿಂದೆ ಮದುವೆ ಆಗಿತ್ತೇ? ಮೊದಲ ಹೆಂಡತಿಗೆ ಕೊಟ್ಟ ಮುಚ್ಚಳಿಕೆಯ ಹೊಣೆ ಇನ್ನೂ ಇದೆಯೇ?
• ಮದುವೆಯನ್ನು ನೋಂದಾಯಿಸಿ. ಚರ್ಚಿನಲ್ಲಾಗಲಿ, ದೇವಸ್ಥಾನದಲ್ಲಾಗಲಿ ಮದುವೆ ಆದರೂ ಸರ್ಕಾರದ ಪ್ರಮಾಣಪತ್ರ ಕೈಯಲ್ಲಿರಲಿ.

ಇದನ್ನೆಲ್ಲಾ ಕೇಳಿದರೆ ಸಂಬಂಧ ತಪ್ಪಿಹೋಗುತ್ತದೆ ಎಂದು ಹೆದರುವವರಿದ್ದಾರೆ. ಪ್ರಾಮಾಣಿಕ ಹುಡುಗನಿಗೆ ಈ ಕಾಗದ ತೋರಿಸಲು ಕಷ್ಟವಿಲ್ಲ, ಅರ್ಜಿ ಹಾಕುವಾಗ ಅವೇ ಬೇಕು. ಕೆಲಸ ಇಲ್ಲದಿರುವುದು ಅವಮಾನವಲ್ಲ. "ಈಗ ಕೆಲಸ ಇಲ್ಲ, ಅಣ್ಣ ಜಾಮೀನು ಹಾಕುತ್ತಾನೆ" ಎಂದು ಮೊದಲೇ ಹೇಳಿದವನ ಮೇಲೆ ನಂಬಿಕೆ ಇಡಬಹುದು.

6. ತೊಂದರೆಯಾದರೆ ಎಲ್ಲಿಗೆ ಹೋಗಬೇಕು?

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಅನಿವಾಸಿ ಭಾರತೀಯರ ಮದುವೆಯ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ಘಟಕವಿದೆ. ವಿದೇಶದಲ್ಲಿರುವ ಹುಡುಗಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಹೋಗಬಹುದು, 2015ರಲ್ಲಿ ಆರಂಭವಾದ ಮದದ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಆದಾಯದ ಮಿತಿಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಸಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಊರಿನಿಂದ ವಿದೇಶಕ್ಕೆ ಮದುವೆಯಾಗಿ ಹೋದವರ ಕಾಗದಗಳ ಪ್ರತಿ ಅವರ ತವರಿನಲ್ಲಿ ಇವೆಯೇ?
2. ಸಾಲಕ್ಕೆ ಜಾಮೀನು ಹಾಕುವಾಗ ನಾವು ಏನೇನು ವಿಚಾರಿಸುತ್ತೇವೆ? ಮಗಳ ವಿಷಯದಲ್ಲಿ ಅಷ್ಟಾದರೂ ವಿಚಾರಿಸುತ್ತೇವೆಯೇ?
3. ವೀಸಾಕ್ಕಾಗಿ ಕಾಯುತ್ತಾ ಕೂತ ಸೊಸೆ ಅಥವಾ ಮಗಳು ನಮ್ಮ ಓಣಿಯಲ್ಲಿ ಇದ್ದರೆ, ಈ ಪಾಠವನ್ನು ಅವಳಿಗೆ ಓದಿ ಹೇಳುವ ಜವಾಬ್ದಾರಿ ಯಾರು ತೆಗೆದುಕೊಳ್ಳುತ್ತೀರಿ?