ಸಾಲದ ದುಡ್ಡೂ ಬಡ್ಡಿ ತರುತ್ತೆ, ಗಡುವು ಮರೆಯಬೇಡ

ಬೆಳೆ ಸಾಲ ಕೈಗೆ ಬಂದ ದಿನ ನಿನ್ನ ಮುಖ ನೋಡಬೇಕು ಮಗಾ! ನಾಪೋಕ್ಲು ಪೇಟೆಯಿಂದ ಮನೆ ಸೇರುವಷ್ಟರಲ್ಲಿ ಅರ್ಧ ದುಡ್ಡು ನಗದಾಗಿ ಜೇಬಿನಲ್ಲಿರುತ್ತೆ, ಇನ್ನರ್ಧಕ್ಕೆ ಹೊಸ ಬೈಕಿನ ಲೆಕ್ಕ ನಡೆದಿರುತ್ತೆ. ನೀನು ಮೈಗಳ್ಳನಲ್ಲ, ಸುರಿಯುವ ಮಳೆಯಲ್ಲೂ ತೋಟ ಬಿಡುವವನಲ್ಲ. ಅವಸರ ಒಂದನ್ನು ಕಡಿಮೆ ಮಾಡಿಕೊ.

ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ. ಮೂರು ಲಕ್ಷದ ಮಿತಿಯನ್ನು ಸರ್ಕಾರ 2023ರ ಬಜೆಟ್ಟಿನಲ್ಲಿ ಐದು ಲಕ್ಷಕ್ಕೆ ಏರಿಸಿತು. ಆದರೆ ತೋಟದ ಖರ್ಚು ಒಂದೇ ದಿನ ಬರುತ್ತದೆಯೇ? ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್, ಮುಂಗಾರಿಗೆ ಮುಂಚೆ ಗೊಬ್ಬರ, ಮೆಣಸಿನ ಬಳ್ಳಿಗೆ ಬೋರ್ಡೋ, ಮಳೆ ಬಿಟ್ಟ ಮೇಲೆ ಕಾಡು ಕಡಿಸುವುದು, ಕೊನೆಗೆ ಕುಯ್ಲಿನ ಕೂಲಿ. ಬಟವಾಡೆಗೆ ಬೇಕಾದಷ್ಟನ್ನೇ ತೆಗೆ, ಮಿಕ್ಕಿದ್ದು ಉಳಿತಾಯ ಖಾತೆಯಲ್ಲೇ ಇರಲಿ. ಹಿಂದೆ ತಿಂಗಳ ಹತ್ತರಿಂದ ಕೊನೆಯ ತನಕ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ ಕೊಡುತ್ತಿದ್ದರು. ಹನ್ನೆರಡಕ್ಕೆ ಕಟ್ಟಿದ ದುಡ್ಡಿಗೆ ಆ ತಿಂಗಳು ಏನೂ ಇಲ್ಲ. 2010ರ ಏಪ್ರಿಲ್‌ನಿಂದ ಬ್ಯಾಂಕುಗಳಲ್ಲಿ ದಿನದ ಲೆಕ್ಕ. ನೂರಕ್ಕೆ ಎರಡೂವರೆ ಅಂದರೂ ಮೂರು ಲಕ್ಷ ಒಂದು ತಿಂಗಳು ಕೂತರೆ 625 ರೂಪಾಯಿ. ಮೂಗು ಮುರಿಯಬೇಡ. ಬೀರುವಿನಲ್ಲಿಟ್ಟರೆ ಅಷ್ಟೂ ಹುಟ್ಟುವುದಿಲ್ಲ.

ಹಾಗಂತ ಎಫ್‌ಡಿಗೆ ಹಾಕಲೆಂದೇ ಸಾಲ ಎತ್ತಬೇಡ. ಎತ್ತುವವರಿದ್ದಾರೆ, ಅದನ್ನೇ ದೊಡ್ಡಸ್ತಿಕೆಯಿಂದ ಹೇಳಿಕೊಳ್ಳುತ್ತಾರೆ. ಗೊಬ್ಬರಕ್ಕೆಂದು ಕೊಟ್ಟ ದುಡ್ಡು ಗೊಬ್ಬರಕ್ಕೇ ಹೋಗಬೇಕು. ಗಿಡ ಸೊರಗಿದರೆ ಎಫ್‌ಡಿ ಕಾಫಿ ಬಿಡುತ್ತದೆಯೇ?

ಬ್ಯಾಂಕಿನ ಕಿಸಾನ್ ಕಾರ್ಡಿನ ಲೆಕ್ಕವೇ ಬೇರೆ. ಅಲ್ಲಿ ಎತ್ತಿದಷ್ಟಕ್ಕೆ, ಎತ್ತಿದ ದಿನದಿಂದ ಬಡ್ಡಿ. ಮೂರು ಲಕ್ಷದವರೆಗೆ ನೂರಕ್ಕೆ 7, ಗಡುವಿನೊಳಗೆ ಕಟ್ಟಿದವನಿಗೆ 4. ನಾಲ್ಕು ಕೊಟ್ಟು ತಂದು ಎರಡೂವರೆಗೆ ಇಡುವುದು ಯಾವ ಜಾಣತನ? ಅಲ್ಲಿ ಎತ್ತದೆ ಬಿಟ್ಟದ್ದೇ ಗಳಿಕೆ. ಕಾಫಿ ಮಾರಿದ ದುಡ್ಡು ಬಂದ ಕೂಡಲೇ ಆ ಖಾತೆಗೆ ತುಂಬು, ಬೇಕಾದಾಗ ಮಿತಿಯೊಳಗೆ ಮತ್ತೆ ಎತ್ತು.

ಗಡುವಿನ ವಿಷಯಕ್ಕೆ ಮಾತ್ರ ನಿನ್ನ ಕಿವಿ ಹಿಂಡಲೇಬೇಕು. ಮೂರು ಲಕ್ಷಕ್ಕೆ ವರ್ಷಕ್ಕೆ ನಾಲ್ಕರ ಬದಲು ಏಳು ಬಿದ್ದರೆ 9,000 ರೂಪಾಯಿ ಹೆಚ್ಚಿಗೆ ಹೋಯಿತು. ಸಂಘದ ಸಾಲದಲ್ಲೂ ಗಡುವು ತಪ್ಪಿದವನಿಗೆ ಸೊನ್ನೆ ಬಡ್ಡಿ ಇಲ್ಲ. ತಿಂಗಳು ತಿಂಗಳು ಕೂಡಿಸಿದ ಆರುನೂರು ಚಿಲ್ಲರೆಯೆಲ್ಲ ನೀರಿನಲ್ಲಿ ಹೋಮ. ಗಡುವು ಮಳೆಗಾಲದಲ್ಲಿದ್ದರೆ ವಾರ ಮೊದಲೇ ಕಟ್ಟಿಬಿಡು. ಕಾವೇರಿ ಉಕ್ಕಿ ಬೊಳಿಬಾಣೆಯಲ್ಲಿ ನೀರು ಹತ್ತಿದರೆ ಮೂರ್ನಾಡು ರಸ್ತೆ ಬಂದ್. ಗಾಳಿಗೆ ಮರ ಬಿದ್ದರೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಮೊಬೈಲಿನಲ್ಲೇ ಕಟ್ಟುತ್ತೇನೆ ಅಂತ ಕೂತವನು ಕೂತೇ ಇರುತ್ತಾನೆ.

ಕೆಲವರು ಕೊನೆಯ ದಿನ ಕೈಸಾಲ ತಂದು ಹಳೇ ಸಾಲ ಮುಚ್ಚಿ, ಹೊಸದು ಬಂದ ಮೇಲೆ ಅದನ್ನು ತೀರಿಸುತ್ತಾರೆ. ಆ ನಾಲ್ಕು ದಿನಕ್ಕೆ ಕೇಳಿದಷ್ಟು ಬಡ್ಡಿ ತೆರುತ್ತಾರೆ. ನಿನಗೆ ಆ ಗತಿ ಬೇಡ. ರೇಟು ಏರಲಿ ಅಂತ ಚೆರಿ ಮೂಟೆ ಕಾಯುತ್ತಾ ಕೂತಿದ್ದೀಯಲ್ಲ, ಗಡುವಿಗೆ ಸಾಲುವಷ್ಟನ್ನಾದರೂ ಮಾರಿ ಖಾತೆಗೆ ಹಾಕಿಟ್ಟಿರು. ಮಿಕ್ಕ ಮೂಟೆಗೆ ಎಷ್ಟು ದಿನ ಬೇಕಾದರೂ ಕಾಯಿ, ನಾನು ಕೇಳುವುದಿಲ್ಲ.

ಲೆಕ್ಕದಲ್ಲಿ ನಿನ್ನ ಹೆಂಡತಿ ನಿನಗಿಂತ ಗಟ್ಟಿ. ಪಾಸ್‌ಬುಕ್ ಅವಳ ಕೈಗೆ ಕೊಡು, ಅಡುಗೆಮನೆ ಕ್ಯಾಲೆಂಡರಿನಲ್ಲಿ ಗಡುವಿನ ತಾರೀಕಿಗೆ ಅವಳೇ ಗುರುತು ಹಾಕಲಿ. ನಾಳೆ ಪೇಟೆಗೆ ಹೋದಾಗ ಎಂಟ್ರಿ ಹಾಕಿಸಿಕೊಂಡು ಬಾ, ಮೂವರೂ ಕೂತು ನೋಡೋಣ.