ಸೂಕ್ಷ್ಮ ಚರ್ಮದ ಗ್ರಾಹಕರು ಮತ್ತು ಸೌಂದರ್ಯವರ್ಧಕಗಳ ಲೇಬಲ್: ತಯಾರಕರೂ ವರ್ತಕರೂ ತಿಳಿದಿರಬೇಕಾದ ಅಂಶಗಳು

ಮುಖಕ್ಕೆ ಹಚ್ಚುವ ಕ್ರೀಮ್, ಸ್ನಾನದ ಸಾಬೂನು, ಕೂದಲಿನ ಬಣ್ಣ ಮುಂತಾದ ಸರಕುಗಳ ಬಗ್ಗೆ "ಇದು ನನ್ನ ಚರ್ಮಕ್ಕೆ ಒಗ್ಗುತ್ತದೆಯೇ?" ಎಂದು ಗ್ರಾಹಕರು ಕೇಳಿದಾಗ ವರ್ತಕರ ಕೈಯಲ್ಲಿರುವ ಲಿಖಿತ ಆಧಾರ ಲೇಬಲ್ ಒಂದೇ. ಅದು ಅಪೂರ್ಣವಾಗಿದ್ದರೆ ಗ್ರಾಹಕರ ಆರೋಗ್ಯವೂ ತಯಾರಕರ ಹೆಸರೂ ಏಕಕಾಲಕ್ಕೆ ಅಪಾಯಕ್ಕೆ ಸಿಲುಕುತ್ತವೆ.

ತೊಂದರೆಯ ಸ್ವರೂಪ

ಚರ್ಮದ ಪ್ರತಿಕ್ರಿಯೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಕೆರಳಿಕೆ. ವಸ್ತುವಿನ ತೀಕ್ಷ್ಣತೆ, ಪ್ರಮಾಣ ಹಾಗೂ ಅದು ಚರ್ಮದ ಮೇಲೆ ಉಳಿಯುವ ಅವಧಿಯನ್ನು ಅವಲಂಬಿಸಿ ಇದು ಯಾರಿಗಾದರೂ ಉಂಟಾಗಬಹುದು. ಎರಡನೆಯದು ಅಲರ್ಜಿ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ನಿರ್ದಿಷ್ಟ ವಸ್ತುವೊಂದನ್ನು ಗುರುತಿಟ್ಟುಕೊಂಡು, ಮುಂದೆ ಅದರ ಅತ್ಯಲ್ಪ ಸಂಪರ್ಕಕ್ಕೂ ಪ್ರತಿಕ್ರಿಯಿಸುತ್ತದೆ. ತುರಿಕೆ, ಕೆಂಪು, ಊತ ಸಾಮಾನ್ಯವಾಗಿ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳುತ್ತವೆ. ಆದ್ದರಿಂದ "ನೂರಾರು ಜನ ಬಳಸಿದ್ದಾರೆ, ಏನೂ ಆಗಿಲ್ಲ" ಎಂಬ ಭರವಸೆ ಅಲರ್ಜಿ ಇರುವವರಿಗೆ ಉತ್ತರವಾಗಲಾರದು. ಅವರಿಗೆ ಬೇಕಾದುದು ತಮಗಾಗದ ವಸ್ತು ಅದರಲ್ಲಿದೆಯೇ ಇಲ್ಲವೇ ಎಂಬ ಮಾಹಿತಿ.

ಕಾನೂನು ವಿಧಿಸುವ ಕನಿಷ್ಠ

ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆ, 1940ರ ಅಡಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಸೌಂದರ್ಯವರ್ಧಕಗಳಿಗೆ ಪ್ರತ್ಯೇಕ ನಿಯಮಾವಳಿ ಪ್ರಕಟವಾಯಿತು. ಇದರಂತೆ ಲೇಬಲ್ ಮೇಲೆ ಸರಕಿನ ಹೆಸರು, ತಯಾರಕರ ಹೆಸರು ಮತ್ತು ತಯಾರಿಕಾ ಸ್ಥಳದ ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ತಿಂಗಳು ಮತ್ತು ವರ್ಷ, ನಿವ್ವಳ ಪ್ರಮಾಣ, ಘಟಕಾಂಶಗಳ ಪಟ್ಟಿ ಇರಬೇಕು. ಅಪಾಯದ ಸಂಭವವಿರುವ ಸರಕಿಗೆ ಸುರಕ್ಷಿತ ಬಳಕೆಯ ಸೂಚನೆ ಮತ್ತು ಎಚ್ಚರಿಕೆಯೂ ಕಡ್ಡಾಯ. ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಮುಂತಾದವು 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಿಗೆ ಸಂಬಂಧಿಸಿದವು.

ಘಟಕಾಂಶಗಳ ಪಟ್ಟಿಯನ್ನು ಓದುವ ಬಗೆ

ಶೇ. 1ಕ್ಕಿಂತ ಹೆಚ್ಚಿರುವ ಘಟಕಾಂಶಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಸುಗಂಧ ದ್ರವ್ಯಗಳೂ ಸಂರಕ್ಷಕಗಳೂ ಬಹುಮಟ್ಟಿಗೆ ಈ ಎರಡನೆಯ ಗುಂಪಿಗೆ ಸೇರುತ್ತವೆ, ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವ ವಸ್ತುಗಳಲ್ಲಿ ಇವೇ ಪ್ರಮುಖ. ಹೀಗಾಗಿ ಸೂಕ್ಷ್ಮ ಚರ್ಮದವರು ಪಟ್ಟಿಯ ಆರಂಭಕ್ಕಿಂತ ಅದರ ಕೊನೆಯ ಭಾಗವನ್ನು ಎಚ್ಚರದಿಂದ ಓದಬೇಕಾಗುತ್ತದೆ.

"ಪರ್ಫ್ಯೂಮ್" ಅಥವಾ "ಫ್ರಾಗ್ರನ್ಸ್" ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. ಇದನ್ನು ಮನಗಂಡ ಯುರೋಪಿಯನ್ ಒಕ್ಕೂಟವು 2005ರಿಂದ 26 ಸುಗಂಧ ವಸ್ತುಗಳನ್ನು ಹೆಸರಿಸಿ ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಚರ್ಮದ ಮೇಲೆ ಉಳಿಯುವ ಸರಕಿನಲ್ಲಿ ಶೇ. 0.001, ತೊಳೆದುಹೋಗುವ ಸರಕಿನಲ್ಲಿ ಶೇ. 0.01 ಮೀರಿದರೆ ಹೆಸರು ಬರಲೇಬೇಕು. 50 ಗ್ರಾಂ ಕ್ರೀಮಿಗೆ ಈ ಮೊದಲ ಮಿತಿಯೆಂದರೆ ಕೇವಲ ಅರ್ಧ ಮಿಲಿಗ್ರಾಂ. 2023ರ ತಿದ್ದುಪಡಿಯು ಈ ಪಟ್ಟಿಯನ್ನು 80ಕ್ಕೂ ಹೆಚ್ಚು ವಸ್ತುಗಳಿಗೆ ವಿಸ್ತರಿಸಿದೆ. ಮಿಥೈಲ್‌ಐಸೋಥಯಜೋಲಿನೋನ್ ಎಂಬ ಸಂರಕ್ಷಕವನ್ನು ಚರ್ಮದ ಮೇಲೆ ಉಳಿಯುವ ಸರಕುಗಳಲ್ಲಿ ಬಳಸುವುದನ್ನು ಅಲ್ಲಿ 2017ರಿಂದ ನಿಷೇಧಿಸಲಾಗಿದೆ. ರಫ್ತು ಬಯಸುವ ಸಣ್ಣ ಉದ್ಯಮಿಗಳು ಕಚ್ಚಾವಸ್ತು ಖರೀದಿಸುವಾಗಲೇ ಸುಗಂಧ ಪೂರೈಕೆದಾರರಿಂದ ಅಲರ್ಜಿಕಾರಕಗಳ ಘೋಷಣಾಪತ್ರವನ್ನು ಪಡೆಯುವುದು ಅವಶ್ಯ.

ಗಿಡಮೂಲಿಕೆಯ ಸರಕಿಗೆ ಈ ಮಾತು ಅನ್ವಯಿಸದೆಂಬ ಭಾವನೆ ತಪ್ಪು. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಎರಡೂ ಆ 26ರ ಪಟ್ಟಿಯಲ್ಲಿವೆ.

ಸಣ್ಣ ಪೊಟ್ಟಣದ ವಿನಾಯಿತಿ

60 ಮಿಲಿಲೀಟರಿಗಿಂತ ಕಡಿಮೆಯ ದ್ರವ, 30 ಗ್ರಾಮಿಗಿಂತ ಕಡಿಮೆಯ ಘನ ಅಥವಾ ಅರೆಘನ ಸರಕಿನ ಮೇಲೆ ಘಟಕಾಂಶಗಳ ಪಟ್ಟಿ ಕಡ್ಡಾಯವಲ್ಲ. ಸಣ್ಣ ತಯಾರಕರ ಸರಕು ಹೆಚ್ಚಾಗಿ ಇಂಥ ಡಬ್ಬಿಗಳಲ್ಲೇ ಮಾರಾಟವಾಗುತ್ತದೆ. ಕಾನೂನು ಬಿಟ್ಟಿದೆಯೆಂದು ಪಟ್ಟಿಯನ್ನು ಕೈಬಿಟ್ಟರೆ, ಹೊಸ ಕ್ರೀಮನ್ನು ಪರೀಕ್ಷಾರ್ಥವಾಗಿ ಸಣ್ಣ ಡಬ್ಬಿಯಲ್ಲಿ ಕೊಳ್ಳುವ ಗ್ರಾಹಕರಿಗೇ ಮಾಹಿತಿ ಇಲ್ಲದಂತಾಗುತ್ತದೆ. ಹೊರರಟ್ಟಿನ ಮೇಲೆ ಅಥವಾ ಒಳಗಿಡುವ ಚೀಟಿಯಲ್ಲಿ ಪಟ್ಟಿ ಮುದ್ರಿಸಲು ತಗಲುವ ಹೆಚ್ಚುವರಿ ವೆಚ್ಚ ಅಲ್ಪ, ಅದರಿಂದ ದೊರೆಯುವ ವಿಶ್ವಾಸ ದೊಡ್ಡದು.

ಘೋಷಣೆಗಳ ತೂಕ

"ಹೈಪೋಅಲರ್ಜೆನಿಕ್" ಎಂದರೆ ಅಲರ್ಜಿಯ ಸಂಭವ ಕಡಿಮೆ ಎಂದಷ್ಟೇ ಅರ್ಥ, ಇಲ್ಲವೇ ಇಲ್ಲ ಎಂದಲ್ಲ. ಅಮೆರಿಕದಲ್ಲಿ ಈ ಪದಕ್ಕೆ 1975ರಲ್ಲಿ ರೂಪಿಸಿದ್ದ ನಿಯಮವನ್ನು 1977ರಲ್ಲಿ ನ್ಯಾಯಾಲಯ ಅಸಿಂಧುಗೊಳಿಸಿತು. ಹಾಗೆಯೇ "ವಾಸನೆರಹಿತ" ಎಂಬ ಸರಕಿನಲ್ಲಿ ಇತರ ವಾಸನೆಯನ್ನು ಮರೆಮಾಡುವ ಸುಗಂಧ ವಸ್ತು ಇರಲು ಸಾಧ್ಯ. ಬಳಸುವವರನ್ನು ತಪ್ಪುದಾರಿಗೆಳೆಯುವ ಯಾವುದೇ ಹೇಳಿಕೆಯನ್ನು ನಮ್ಮ ನಿಯಮಾವಳಿ ನಿಷೇಧಿಸುತ್ತದೆ. ಆದ್ದರಿಂದ ಪರೀಕ್ಷಾ ದಾಖಲೆ ಇಲ್ಲದ ಘೋಷಣೆಯನ್ನು ಮುದ್ರಿಸದಿರುವುದೇ ಕ್ಷೇಮ.

ಕೂದಲಿನ ಬಣ್ಣ: ಸ್ಥಳೀಯ ಭಾಷೆಯ ಎಚ್ಚರಿಕೆ

ಪ್ಯಾರಾ-ಫಿನೈಲೀನ್‌ಡೈಅಮೀನ್ ಇರುವ ಕೂದಲಿನ ಬಣ್ಣಕ್ಕೆ ನಿಯಮ ಇನ್ನೂ ಕಟ್ಟುನಿಟ್ಟು. ಚರ್ಮ ಕೆರಳಬಹುದು, ಮೊದಲು ಪರೀಕ್ಷಿಸಬೇಕು, ಹುಬ್ಬು ಮತ್ತು ರೆಪ್ಪೆಗೆ ಹಚ್ಚಿದರೆ ಕುರುಡುತನ ಬರಬಹುದು ಎಂಬ ಎಚ್ಚರಿಕೆ ಒಳ ಮತ್ತು ಹೊರ ಲೇಬಲ್‌ಗಳೆರಡರಲ್ಲೂ ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಯಲ್ಲಿರಬೇಕು. ಪರೀಕ್ಷಾ ವಿಧಾನ ಸರಳ: ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಜಾಗವನ್ನು ಶುಚಿಗೊಳಿಸಿ, ಬಳಕೆಗೆ ಸಿದ್ಧವಾದ ಬಣ್ಣವನ್ನು ಸ್ವಲ್ಪ ಹಚ್ಚಿ, ಒಣಗಲು ಬಿಟ್ಟು, 24 ಗಂಟೆಗಳ ಅನಂತರ ತೊಳೆದು ನೋಡುವುದು. ಪ್ರತಿ ಬಾರಿಯೂ ಬಳಕೆಗೆ ಮೊದಲು ಇದನ್ನು ಮಾಡಬೇಕು. ಹಿಂದೆ ಒಗ್ಗಿದ್ದ ಬಣ್ಣ ಮುಂದೆ ಒಗ್ಗದಿರಬಹುದೆಂಬುದೇ ಇದಕ್ಕೆ ಕಾರಣ.

ವರ್ತಕರ ಹೊಣೆ

ಸಗಟು ಸರಕನ್ನು ತಂದು ಸ್ವಂತ ಹೆಸರಿನ ಡಬ್ಬಿಗಳಲ್ಲಿ ತುಂಬಿ ವಿತರಿಸುವುದು ಕೇವಲ ವ್ಯಾಪಾರವೆನಿಸದು. ಕಾಯಿದೆಯ ವ್ಯಾಖ್ಯೆಯಂತೆ ಪೊಟ್ಟಣ ಕಟ್ಟುವುದೂ ಲೇಬಲ್ ಅಂಟಿಸುವುದೂ ತಯಾರಿಕೆಯೇ, ಸಾಮಾನ್ಯ ಚಿಲ್ಲರೆ ಮಾರಾಟದಲ್ಲಿ ಕಟ್ಟಿಕೊಡುವುದಕ್ಕೆ ಮಾತ್ರ ವಿನಾಯಿತಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಸಾಕಷ್ಟಿಲ್ಲದಿರುವುದನ್ನೂ ತಯಾರಕರ ಹೊಣೆಗಾರಿಕೆಗೆ ಆಧಾರವಾಗಿಸಿದೆ. ತಯಾರಕರು ಯಾರೆಂದು ತಿಳಿಯದಿದ್ದಾಗ ಆ ಹೊಣೆ ಮಾರಾಟಗಾರರ ಮೇಲೆ ಬೀಳಬಹುದು. ವಿಳಾಸ, ಪರವಾನಗಿ ಸಂಖ್ಯೆಗಳಿಲ್ಲದ ಅಗ್ಗದ ಸರಕನ್ನು ಕೊಳ್ಳುವಾಗ ಈ ಅಂಶ ನೆನಪಿನಲ್ಲಿರಬೇಕು.

ಸರಕು ಬಂದಾಗ ಲೇಬಲ್ಲಿನ ವಿವರಗಳನ್ನು ಪರಿಶೀಲಿಸುವುದು, ಬೆಲೆಯ ಚೀಟಿಯಿಂದ ಘಟಕಾಂಶಗಳ ಪಟ್ಟಿಯನ್ನು ಮುಚ್ಚದಿರುವುದು, ಖರೀದಿ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ನಮೂದಾಗುವಂತೆ ನೋಡಿಕೊಳ್ಳುವುದು, ತೊಂದರೆಯಾಯಿತೆಂದು ಗ್ರಾಹಕರು ಬಂದರೆ ಬಳಕೆ ನಿಲ್ಲಿಸಿ ಡಬ್ಬಿಯೊಡನೆ ಚರ್ಮವೈದ್ಯರನ್ನು ಕಾಣಲು ಹೇಳಿ ತಯಾರಕರಿಗೆ ತಿಳಿಸುವುದು ಪ್ರತಿಯೊಂದು ಅಂಗಡಿಯ ರೂಢಿಯಾಗಬೇಕು. ಬ್ಯಾಚ್ ಸಂಖ್ಯೆ ತಿಳಿದಿದ್ದರೆ ತಯಾರಕರು ದೋಷವಿರುವ ಆ ಒಂದು ತಂಡದ ಸರಕನ್ನಷ್ಟೇ ಹಿಂಪಡೆಯಬಹುದು. ತಿಳಿಯದಿದ್ದರೆ ಇಡೀ ದಾಸ್ತಾನನ್ನೇ ಹಿಂಪಡೆಯಬೇಕಾಗುತ್ತದೆ.